ಎಣ್ಣೆ ಹೊಡೀತೀರಾ?

ನಾನು ಎಣ್ಣೆ ಅಂಗಡಿಯ ಮಗಳು. ಮಂಡಿಪೇಟೆಯಲ್ಲಿ ಅಬ್ಬಾನ ಸಗಟು ಅಂಗಡಿ ಇತ್ತು. ಶೇಂಗಾ ಎಣ್ಣೆ, ಕುಸುಬೆ ಎಣ್ಣೆ, ಒಂದು ಮೂಲೆಯಲ್ಲಿ ದೀಪದ ಎಣ್ಣೆ. ಶಾಲೆ ಬಿಟ್ಟ ಕೂಡಲೇ ಅಲ್ಲಿಗೇ ಬರುತ್ತಿದ್ದೆ. ಒಳಗೆ ಹಗಲಲ್ಲೂ ಮಬ್ಬು. ಡಬ್ಬಗಳ ಸಾಲಿನ ಹಿಂದೆ ಗೋಣಿಚೀಲದ ಮೇಲೆ ಕೂತರೆ ಐದು ನಿಮಿಷಕ್ಕೆ ಕಣ್ಣು ಎಳೆಯುತ್ತಿತ್ತು. ಹೊರಗಿನ ಹಮಾಲರ ಕೂಗು, ಕೈಗಾಡಿಯ ಸದ್ದು, ಉರ್ದುವಿನಲ್ಲಿ ಶುರುವಾಗಿ ಕನ್ನಡದಲ್ಲಿ ಮುಗಿಯುವ ಚೌಕಾಸಿ, ಎಲ್ಲ ಎಲ್ಲೋ ದೂರದಿಂದ ನಿಧಾನವಾಗಿ ತೇಲಿ ಬರುತ್ತಿದ್ದವು. ಎಣ್ಣೆ ಅಂದರೆ ನನಗೆ ನಿದ್ದೆಯ ವಾಸನೆ. ದೊಡ್ಡವಳಾದ ಮೇಲೆ ಆ ಪದಕ್ಕೆ ಕುಡುಕರ ಅರ್ಥ ಇನ್ನೊಂದಿದೆ ಎಂದು ತಿಳಿಯಿತು. ಮೂರನೆಯದೂ ಒಂದಿದೆ ಎಂದು ತಿಳಿಯುವ ಹೊತ್ತಿಗೆ ನನ್ನಿಂದ ಒಬ್ಬ ಮನುಷ್ಯನ ಮನೆ ಕೆಟ್ಟಿತ್ತು.

ಪಿ.ಜೆ. ಬಡಾವಣೆಯಲ್ಲಿ ಒಂದು ಕ್ಲಿನಿಕ್ಕಿನ ಮಹಡಿಯ ಮೇಲೆ ನಮ್ಮ ಆಫೀಸು. ಆಫೀಸು ಅಂದರೆ ಎರಡು ಮೇಜು, ಒಂದು ಕಂಪ್ಯೂಟರು, ಕಟಕಟ ಎನ್ನುವ ಫ್ಯಾನು. ಕೆಳಗೆ ರೋಗಿಗಳನ್ನು ನೋಡುವ ಡಾಕ್ಟರಮ್ಮನೇ ಮೇಲಿನ ಕೆಲಸದ ಯಜಮಾನಿ. ಭತ್ತದ ಗದ್ದೆಗಳ ಊರುಗಳಿಂದ ಬರುವವರಲ್ಲಿ ಕೈ ನಡುಕ, ಕಣ್ಣು ಮಂಜು, ವಿಪರೀತ ಬೆವರು ಹೆಚ್ಚಾಗಿದೆ ಎಂದು ಆಕೆಗೆ ಅನಿಸಿತ್ತು. ಅನಿಸಿದರೆ ಸಾಲದು, ತೋರಿಸಬೇಕು ಎಂದು ಈ ಅಧ್ಯಯನ ಶುರು ಮಾಡಿದರು. ನನ್ನ ಕೆಲಸ ಎರಡು ಪಟ್ಟಿಗಳನ್ನು ಜೋಡಿಸುವುದು. ಮೊದಲನೆಯದರಲ್ಲಿ ಯಾರ ಮೈಗೆ ಯಾವ ರಾಸಾಯನಿಕ ಎಷ್ಟು ದಿನ, ಎಷ್ಟು ಹೊತ್ತು ತಾಗಿತು ಎಂಬ ವಿವರ. ಅದನ್ನು ನಾನೇ ಊರೂರಿಗೆ ಹೋಗಿ ಕೇಳಿ ತರಬೇಕು. ಎರಡನೆಯದು ಬೇರೆಯವರು ಸಿದ್ಧಮಾಡಿಟ್ಟದ್ದು. ಯಾವ ರಾಸಾಯನಿಕ ಎಷ್ಟಾದರೆ ನರಕ್ಕೆ, ಯಕೃತ್ತಿಗೆ, ಕಣ್ಣಿಗೆ ಏನು ಮಾಡುತ್ತದೆ ಎಂಬುದು ಅದರಲ್ಲಿದೆ. ಎರಡೂ ಕೂಡಿದಾಗ ಕಂಪ್ಯೂಟರು ಒಬ್ಬೊಬ್ಬರ ಹೆಸರಿಗೂ ಒಂದು ಚೀಟಿ ಕೊಡುತ್ತದೆ. ನಿಮಗೆ ಅಪಾಯ ಎಷ್ಟು, ಯಾವುದರಿಂದ, ಏನು ಬಿಡಬೇಕು.

ಅಮ್ಮಿಗೆ ಇದನ್ನು ವಿವರಿಸುವಷ್ಟರಲ್ಲಿ ನನಗೆ ಸಾಕುಸಾಕಾಯಿತು. "ಜೋಡಿಸೋ ಕೆಲಸಾನಾ? ಹಂಗಂದ್ರೆ ರಿಷ್ತಾ ನೋಡೋದು ಅನ್ನು" ಎಂದಳು. ಬೀದಿಯಲ್ಲೆಲ್ಲ ನನ್ನ ಮಗಳು ಸಂಬಂಧ ಕುದುರಿಸುತ್ತಾಳೆ ಎಂದು ಹೇಳಿಕೊಂಡು ಬಂದಳು. ಇಬ್ಬರು ತಮ್ಮ ತಮ್ಮ ಮಗನ ಫೋಟೋ ಹಿಡಿದುಕೊಂಡು ಮನೆಗೇ ಬಂದಿದ್ದರು. ಆಗ ಸಿಟ್ಟು ನೆತ್ತಿಗೇರಿತ್ತು. ಆದರೆ ಯೋಚಿಸಿದರೆ ಅಮ್ಮಿ ಹೇಳಿದ್ದೇ ಸರಿ. ಎರಡೂ ಕಡೆಯವರ ಹೆಸರು ಸರಿಯಾಗಿ ಗೊತ್ತಿಲ್ಲದೆ ಸಂಬಂಧ ಕೂಡಿಸಬಾರದು.

ಹೆಸರೇ ತಾಪತ್ರಯ. ಪಟ್ಟಿಯಲ್ಲಿ ರಾಸಾಯನಿಕಗಳಿಗೆ ರೈಲಿನಷ್ಟು ಉದ್ದದ ಹೆಸರುಗಳಿವೆ. ಹರಿಹರದ ಆಚೆಯ ಗದ್ದೆಗಳಲ್ಲಿ ಯಾರೂ ಆ ಹೆಸರು ಹೇಳುವುದಿಲ್ಲ. "ಕೆಂಪು ಮುಚ್ಚಳದ್ದು" ಅನ್ನುತ್ತಾರೆ. "ನೀರಿಗೆ ಹಾಕಿದ್ರೆ ಹಾಲಿನಂಗೆ ಆಗ್ತೈತಲ್ರಿ, ಅದು" ಅನ್ನುತ್ತಾರೆ. ಒಬ್ಬ ಅಜ್ಜಿ "ಬಳ್ಳೊಳ್ಳಿ ನಾತದ್ದು" ಎಂದು ಮೂಗು ಹಿಂಡಿ ತೋರಿಸಿದಳು. ನಾನು ಎಲ್ಲವನ್ನೂ ಬರೆದುಕೊಂಡು ಬಂದು, ಮುಚ್ಚಳಕ್ಕೊಂದು ಬಣ್ಣಕ್ಕೊಂದು ನಾತಕ್ಕೊಂದು ಹೆಸರು ಹುಡುಕುತ್ತ ಕೂರುತ್ತಿದ್ದೆ. ಮಧ್ಯಾಹ್ನ ಫ್ಯಾನಿನ ಕೆಳಗೆ ಆ ಮಾತುಗಳನ್ನು ಓದುತ್ತಿದ್ದರೆ ಕಣ್ಣ ಮುಂದೆ ಗದ್ದೆಗಳು ಬಂದು ನಿಲ್ಲುತ್ತಿದ್ದವು, ಕಾಲುವೆಯ ನೀರು ಮೇಜಿನ ಕೆಳಗೇ ಹರಿಯುತ್ತಿದೆ ಅನಿಸುತ್ತಿತ್ತು. ಡಾಕ್ಟರಮ್ಮ ಮೆಟ್ಟಿಲು ಹತ್ತಿ ಬಂದದ್ದೂ ತಿಳಿಯುತ್ತಿರಲಿಲ್ಲ.

"ಮತ್ತೆ ಎಲ್ಲಿಗೆ ಹೋಗಿದ್ದೆ?" ಎನ್ನುತ್ತಿದ್ದರು.

"ಸಾರಥಿಗೆ ಮೇಡಂ" ಎನ್ನುತ್ತಿದ್ದೆ. ಹರಿಹರದ ಆಚೆ ನಮ್ಮ ಪಟ್ಟಿಯಲ್ಲಿದ್ದ ಹಳ್ಳಿ ಅದು. ಸುಳ್ಳೇನಲ್ಲ.

ಪ್ರಶ್ನೆಪತ್ರಿಕೆಯ ಕನ್ನಡ ನನಗೆ ಹಿಡಿಸಿರಲಿಲ್ಲ. "ಮದ್ಯಪಾನದ ಅಭ್ಯಾಸವಿದೆಯೇ?" ಎಂದು ಅಚ್ಚಾಗಿತ್ತು. ನಡುಕಕ್ಕೆ ಕುಡಿತವೂ ಕಾರಣವಾಗಬಹುದು, ಹಾಗಾಗಿ ಆ ಪ್ರಶ್ನೆ ಬೇಕೇ ಬೇಕು. ಆದರೆ ಕಟ್ಟೆಯ ಮೇಲೆ ಕೂತ ಹಿರಿಯರಿಗೆ ಹಾಗೆ ಕೇಳಿದರೆ ಕೋರ್ಟಿನಲ್ಲಿ ನಿಂತಂತಾಗಿ ಇಲ್ಲ ಎಂದುಬಿಡುತ್ತಾರೆ. ಡಾಕ್ಟರಮ್ಮನ ಜೊತೆ ಇದಕ್ಕಾಗಿ ಜಗಳವನ್ನೇ ಆಡಿದೆ. "ನಾನು ಮಂಡಿಪೇಟೆಯೋಳು ಮೇಡಂ, ಜನದ ಮಾತು ನನಗೆ ಗೊತ್ತು. ನನಗೆ ಬಿಡಿ" ಎಂದೆ. ಅವರು ಬಿಟ್ಟರು. ಆ ದಿನದ ನನ್ನ ಜಂಬ ನೆನೆದರೆ ಈಗಲೂ ಕಿವಿ ಬಿಸಿಯಾಗುತ್ತದೆ.

ಸಾರಥಿಗೆ ಹೋದ ದಿನ ಗದ್ದೆಯೆಲ್ಲ ಕಡುಹಸಿರು. ಹರಿಹರದಲ್ಲಿ ಬಸ್ಸಿಳಿದು ಆಟೋ ಹಿಡಿದಿದ್ದೆ. ಬೆಳಗಿನ ಬಿಸಿಲು ಇನ್ನೂ ಎಳೆಯದು. ದೂರದ ಗದ್ದೆಯೊಂದರಲ್ಲಿ ಒಬ್ಬರು ಬೆನ್ನಿಗೆ ಟ್ಯಾಂಕು ಹೊತ್ತು, ಬಿಳಿಯ ತುಂತುರಿನ ನಡುವೆ ಮೆಲ್ಲಗೆ ನಡೆಯುತ್ತಿದ್ದರು. ಗಾಳಿ ತಿರುಗಿದಾಗ ತುಂತುರು ಅವರ ಮೇಲೇ ಬಂದು ಮುಚ್ಚುತ್ತಿತ್ತು. ಒಂದು ಗಳಿಗೆ ಮನುಷ್ಯ ಇಲ್ಲವೇ ಇಲ್ಲ, ಮತ್ತೆ ಸೊಂಟದವರೆಗೆ ಇದ್ದಾರೆ, ಮತ್ತೆ ಇಲ್ಲ. ಅದರಲ್ಲಿ ಬಿಸಿಲು ಬಿದ್ದು ಚೂರು ಕಾಮನಬಿಲ್ಲು ಕೂಡ ಕಾಣಿಸಿತು. ಎಷ್ಟು ಚೆಂದ ಎಂದುಕೊಂಡೆ. ನೋಡುತ್ತ ಕೂತು ಇಳಿಯುವ ಜಾಗವನ್ನೂ ದಾಟಿಬಿಟ್ಟೆ. ಇಂಥ ಅಧ್ಯಯನಕ್ಕೆ ಹೊರಟವಳು ನೋಡಬೇಕಾದ ರೀತಿ ಅದಲ್ಲ, ಗೊತ್ತು.

ಮಧ್ಯಾಹ್ನ ಒಂದು ಮನೆಯ ಕಟ್ಟೆಯ ಮೇಲೆ ಅದೇ ಮನುಷ್ಯ ಕೂತಿದ್ದರು ಎಂಬುದು ನನಗೆ ಆಗ ತಿಳಿಯಲಿಲ್ಲ. ಐವತ್ತು ದಾಟಿದ ಸಣಕಲು ಮೈ, ಸ್ನಾನ ಮಾಡಿ ಒಗೆದ ಪಂಚೆ ಉಟ್ಟಿದ್ದರು. ತೊಡೆಯ ಮೇಲೆ ಮಗನ ಮಗಳು, ಇನ್ನೂ ವರ್ಷ ತುಂಬದ ಕೂಸು. ಅದು ಅವರ ಮೀಸೆ ಎಳೆಯುತ್ತಿತ್ತು, ಅವರು ನೋವಾದಂತೆ ಕೂಗುತ್ತಿದ್ದರು, ಅದು ನಗುತ್ತಿತ್ತು. ಇಬ್ಬರಿಗೂ ಬೇರೆ ಲೋಕ ಬೇಕಿರಲಿಲ್ಲ.

"ಬರ್ರಿ, ಕೂಡ್ರಿ" ಎಂದರು. ಹೆಂಡತಿ ಕೆಲಸಕ್ಕೆ ಹೋಗಿದ್ದರು. ಸೊಸೆ ಒಳಗೆ ರೊಟ್ಟಿ ತಟ್ಟುತ್ತಿದ್ದಳು.

"ನಿಮ್ಮ ಗದ್ದೆಗೆ ಕೀಟನಾಶಕ ಹಾಕ್ತೀರೇನ್ರಿ ಯಜಮಾನ್ರೆ?" ಎಂದು ಶುರು ಮಾಡಿದೆ.

"ನಮಗೆಲ್ಲಿ ಗದ್ದೆ ಐತ್ರಿ? ಒಂದು ಗುಂಟೆನೂ ಇಲ್ಲ."

ಇಲ್ಲ ಎಂದು ಗುರುತು ಹಾಕಿದೆ. ಕೈ ನಡುಗುತ್ತದೆಯೇ ಎಂದೆ. ಬಲಗೈ ಚಾಚಿ ತೋರಿಸಿದರು, ಬೆರಳುಗಳು ತಮ್ಮಷ್ಟಕ್ಕೆ ಅಲ್ಲಾಡುತ್ತಿದ್ದವು. ಕಣ್ಣು ಮಂಜಾಗುತ್ತೆ, ಸಂಜೆ ಮನೆಗೆ ಬರುವಾಗ ಕಾಲು ತಡವರಿಸುತ್ತೆ, ಬಾಯಲ್ಲಿ ನೀರೂರುತ್ತೆ ಎಂದೂ ಹೇಳಿದರು. ಆಮೇಲೆ ಆ ಪ್ರಶ್ನೆ. ಒಳಗಿರುವ ಸೊಸೆಗೆ ಕೇಳಿಸಬಾರದು, ಹಿರಿಯರ ಮರ್ಯಾದೆ ಹೋಗಬಾರದು ಎಂದು ಪಕ್ಕಕ್ಕೆ ಸರಿದು, ದನಿ ಇಳಿಸಿ ಕೇಳಿದೆ.

"ಎಣ್ಣೆ ಹೊಡೀತೀರೇನ್ರಿ?"

ಅವರ ಮುಖ ಅರಳಿತು. "ಹೊಡೀತೀನಲ್ರಿ ಮತ್ತೆ! ಈ ಊರಾಗೆ ನನ್ನಷ್ಟು ಹೊಡಿಯೋರು ಯಾರೂ ಇಲ್ಲ."

"ದಿನಾನಾ?"

"ಸೀಸನ್ನಾಗೆ ದಿನಾ. ಬೆಳಿಗ್ಗೆ ಒಂದ್ ಸರ್ತಿ, ಬಿಸಿಲು ಇಳಿದ ಮ್ಯಾಲೆ ಒಂದ್ ಸರ್ತಿ. ಇಲ್ಲಾಂದ್ರೆ ವಾರಕ್ಕೆ ಎಲ್ಡು ಸಲ."

"ಎಷ್ಟು ವರ್ಷ ಆತು?"

"ಮೀಸೆ ಬಂದಾಗಿಂದ."

"ಬಿಡಬೇಕು ಅನಿಸಿಲ್ವಾ?"

"ನಾ ಬ್ಯಾಡ ಅಂದ್ರೂ ಊರೋರು ಬಿಡಬೇಕಲ್ಲ. ಮನಿಗೇ ಬಂದು ಕರ್ಕಂಡು ಹೋಗ್ತಾರೆ."

ಇಷ್ಟು ಮುಕ್ತವಾಗಿ ಒಪ್ಪಿಕೊಂಡವರನ್ನು ನಾನು ನೋಡಿರಲಿಲ್ಲ. ನನ್ನ ಜನದ ಮಾತಿಗೆ ಸಿಕ್ಕ ಫಲ ಎಂದು ಒಳಗೊಳಗೇ ಹಿಗ್ಗಿದೆ. ಇನ್ನೊಂದು ಪ್ರಶ್ನೆ ಕೇಳಿದ್ದರೆ ಸಾಕಿತ್ತು, ಯಾವ ಎಣ್ಣೆ ಎಂದು. ಆದರೆ ಒಬ್ಬ ಹಿರಿಯರನ್ನು ನೀವು ಯಾವುದು ಕುಡಿಯುತ್ತೀರಿ ಎಂದು ಹೇಗೆ ಕೇಳುವುದು? ಮರ್ಯಾದೆಗೆ ಸುಮ್ಮನಾದೆ. ಕೀಟನಾಶಕ, ಇಲ್ಲ. ಮದ್ಯ, ದಿನವೂ, ಬಹಳ ವರ್ಷಗಳಿಂದ.

ಕಂಪ್ಯೂಟರಿಗೆ ಮರ್ಯಾದೆಯೂ ಇಲ್ಲ, ಅನುಮಾನವೂ ಇಲ್ಲ. ಕೊಟ್ಟದ್ದನ್ನು ಕೂಡಿಸಿತು. ಅವರ ಚೀಟಿಯಲ್ಲಿ "ರಾಸಾಯನಿಕದ ಅಪಾಯ ಕಾಣುವುದಿಲ್ಲ. ನಿಮ್ಮ ಕೈ ನಡುಕಕ್ಕೆ ಮದ್ಯಪಾನ ಕಾರಣವಿರಬಹುದು, ದಯವಿಟ್ಟು ಬಿಡಿ" ಎಂದು ಬಂತು. ಡಾಕ್ಟರಮ್ಮನ ಸಹಿ ಬಿತ್ತು. ಊರಿನ ಆಶಾ ಕಾರ್ಯಕರ್ತೆಯ ಕೈಗೆ ಉಳಿದವರ ಚೀಟಿಗಳ ಜೊತೆ ಅದನ್ನೂ ಕೊಟ್ಟು ಬಂದೆ.

ಒಂದೆರಡು ವಾರ ಕಳೆದು ಆಕೆ ಫೋನು ಮಾಡಿದಾಗ ಆ ಮನೆಯ ಸುದ್ದಿಯೂ ಬಂತು. ಚೀಟಿಯನ್ನು ಸೊಸೆಯೇ ಓದಿದಳಂತೆ. ಆಕೆಯ ತವರಿನಲ್ಲಿ ಕುಡುಕ ಅಪ್ಪನ ಕೈಯಿಂದ ಪುಟ್ಟ ತಮ್ಮನೊಬ್ಬ ಜಾರಿ ಬಿದ್ದು ತಲೆಗೆ ಪೆಟ್ಟಾಗಿತ್ತಂತೆ. ಅಂದಿನಿಂದ ಮಾವನ ಕೈಗೆ ಕೂಸನ್ನು ಕೊಡುತ್ತಿಲ್ಲ. ಅತ್ತೆಗೂ ಸೊಸೆಯ ಮಾತೇ ಸರಿ ಅನಿಸಿತ್ತು. ಸಂಜೆ ತಡವರಿಸುವ ಕಾಲು, ಬೆವರು, ಬಾಯ ಜೊಲ್ಲು, ಕೆಂಪು ಕಣ್ಣು, ಮೊದಲು ಒಂದಕ್ಕೊಂದು ಸಂಬಂಧವಿಲ್ಲದೆ ಬಿದ್ದಿದ್ದವೆಲ್ಲ ಚೀಟಿ ಬಂದ ಮೇಲೆ ಜೋಡಣೆಯಾದವು. ಅವರೂ ನನ್ನ ಹಾಗೇ ಪಟ್ಟಿ ಕೂಡಿಸಿದ್ದರು.

"ಯಜಮಾನ್ರು ಆಣೆ ಮಾಡಿ ಹೇಳ್ತಾರೆ, ಮುಟ್ಟೇ ಇಲ್ಲ ಅಂತ. ಯಾರು ನಂಬ್ತಾರೆ ಮೇಡಂ, ಕಾಗದದಾಗೆ ಬರೆದೈತಲ್ಲ" ಎಂದಳು ಆಶಾ ಕಾರ್ಯಕರ್ತೆ. "ಪಾಪ, ಕೂಸು ಮಲಗಿದಾಗ ತೊಟ್ಟಿಲ ಹತ್ರ ಬಂದು ನಿಂತು ನೋಡಿ ಹೋಗ್ತಾರಂತೆ."

ಕುಡುಕರೆಲ್ಲ ಹಾಗೇ ಹೇಳುವುದು ಎಂದುಕೊಂಡೆ. ನಮ್ಮ ಚೀಟಿ ಕೆಲಸ ಮಾಡುತ್ತಿದೆ ಎಂದು ನನಗೆ ಸಮಾಧಾನ ಕೂಡ ಆಯಿತು. ಇದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೆ ಆಗಿದ್ದು ಹಾಗೆಯೇ.

ಹರಿಹರದಲ್ಲಿ ಗೊಬ್ಬರ, ಔಷಧಿ ಮಾರುವ ಅಂಗಡಿಯೊಂದರಲ್ಲಿ ಬಾಟಲಿಗಳ ಲೇಬಲ್ಲು ನೋಡಿ ಬರೆದುಕೊಳ್ಳಲು ಹೋಗಿದ್ದೆ. ಮೋಡದ ದಿನ, ಅಂಗಡಿಯೊಳಗೆ ಲೈಟು ಹಾಕಿದ್ದರು. ಕಪಾಟಿನಲ್ಲಿ ನೀಲಿ, ಹಳದಿ, ಕೆಂಪು ಮುಚ್ಚಳಗಳು ಸಾಲಾಗಿ ನಿಂತಿದ್ದವು. ನಾನು ಕೆಂಪು ಮುಚ್ಚಳದ ಒಂದು ಬಾಟಲಿ ಹಿಡಿದು, ಅದರ ಚೌಕದೊಳಗಿನ ಸಣ್ಣ ಅಕ್ಷರಗಳಲ್ಲಿ ಮುಳುಗಿಹೋಗಿದ್ದೆ. ಆಗ ಹೊರಗಿನಿಂದ ಒಬ್ಬ ಹೆಂಗಸು ಬಂದು, ಸೆರಗಿನಿಂದ ಮುಖ ಒರೆಸಿಕೊಳ್ಳುತ್ತ, ಅಕ್ಕಿ ಕೇಳುವಷ್ಟು ಸಲೀಸಾಗಿ ಕೇಳಿದಳು.

"ಅಣ್ಣಾರೆ, ಭತ್ತಕ್ಕೆ ಹುಳ ಬಿದ್ದೈತೆ. ಹೊಡಿಯಾಕೆ ಚಲೋದು ಎಣ್ಣೆ ಕೊಡ್ರಿ."

ನನಗೆ ಮೊದಲು ಅರ್ಥವಾಗಲಿಲ್ಲ. ಕೈಯಲ್ಲಿದ್ದ ಬಾಟಲಿಯನ್ನು ಅಂಗಡಿಯವರು ನನ್ನಿಂದ ತೆಗೆದುಕೊಂಡು ಆಕೆಗೆ ಕೊಟ್ಟರು.

"ಇದಕ್ಕೆ ಎಣ್ಣೆ ಅಂತಾರೇನ್ರಿ?" ಎಂದೆ. ನನ್ನ ದನಿ ನನಗೇ ದೂರ ಕೇಳಿಸಿತು.

"ಎಲ್ಲಾದ್ಕೂ ಎಣ್ಣೆನೇ ಮೇಡಂ" ಎಂದು ನಕ್ಕರು. "ಹುಳಕ್ಕೆ ಹೊಡೆದ್ರೂ ಎಣ್ಣೆ, ಕಳೆಗೆ ಹೊಡೆದ್ರೂ ಎಣ್ಣೆ. ಹೊಡಿಯೋ ಕೆಲಸಕ್ಕೆ ಊರಿಗೊಬ್ರು ಇರ್ತಾರೆ. ಟ್ಯಾಂಕಿಗಿಷ್ಟು ಅಂತ ಕೂಲಿ."

ಅಂಗಡಿಯ ಮುಂದಿನ ಕಲ್ಲಿನ ಮೇಲೆ ಕೂತುಬಿಟ್ಟೆ. ಬಸ್ಸುಗಳು ಹೋಗುತ್ತಿದ್ದವು, ಒಂದೂ ನನ್ನದಲ್ಲ ಅನಿಸಿತು. ಬಿಳಿಯ ತುಂತುರಿನಲ್ಲಿ ಮುಳುಗಿ ಏಳುತ್ತಿದ್ದ ಮನುಷ್ಯ ಮತ್ತೆ ಕಣ್ಣಿಗೆ ಬಂದರು. ಈ ಸಲ ಮುಖ ಕಾಣಿಸಿತು. ಬೆಳಿಗ್ಗೆ ಒಂದ್ ಸರ್ತಿ, ಬಿಸಿಲು ಇಳಿದ ಮ್ಯಾಲೆ ಒಂದ್ ಸರ್ತಿ. ಗದ್ದೆ ಇಲ್ಲದವರು ನಿಜ, ಊರಿನವರ ಗದ್ದೆಯನ್ನೆಲ್ಲ ಹೊಡೆದವರು. ಇಡೀ ಸಾರಥಿಯಲ್ಲಿ ಅತಿ ಹೆಚ್ಚು ವಿಷ ಮೈಮೇಲೆ ಹಾಕಿಕೊಂಡವರನ್ನು ನಾನು ಏನೂ ತಾಗದವರ ಸಾಲಿಗೆ ಸೇರಿಸಿ, ಕುಡುಕ ಎಂದು ಬರೆದು, ಸಹಿ ಹಾಕಿಸಿ ಮನೆಗೆ ಕಳಿಸಿದ್ದೆ.

ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಕನ್ನಡಕ ತೆಗೆದು ಕಣ್ಣೊರೆಸಿಕೊಂಡು "ಅವರ ಸಾಲು ತೆರೆದು ಸರಿಮಾಡು" ಎಂದರು. ಮದ್ಯದ ಕಾಲಮ್ಮನ್ನು ಖಾಲಿ ಮಾಡಿದೆ. ರಾಸಾಯನಿಕದ ಕಾಲಮ್ಮಿನಲ್ಲಿ ಆ ಊರಿನ ಉಳಿದವರೆಲ್ಲ ಹೇಳಿದ್ದ ಕೆಂಪು ಮುಚ್ಚಳದ್ದರ ನಿಜವಾದ ಹೆಸರು ತುಂಬಿದೆ, ದಿನಗಳನ್ನು ತುಂಬಿದೆ, ವರ್ಷಗಳನ್ನು ತುಂಬಿದೆ. ಕೂಡಿಸು ಎಂದೊಡನೆ ಸಾಲು ಕೆಂಪಾಯಿತು. ನಡುಕ, ಬೆವರು, ಜೊಲ್ಲು, ಮಂಜುಗಣ್ಣು, ಒಂದೊಂದೂ ಎರಡನೆಯ ಪಟ್ಟಿಯಲ್ಲಿ ಮೊದಲೇ ಬರೆದಿಟ್ಟಂತೆ ಇದ್ದವು. ನಮ್ಮ ಅಧ್ಯಯನಕ್ಕೆ ಬೇಕಾಗಿದ್ದ ಸಂಬಂಧ ಇಷ್ಟು ಸ್ಪಷ್ಟವಾಗಿ ಬೇರೆ ಯಾರ ಸಾಲಿನಲ್ಲೂ ಕೂಡಿ ಬಂದಿರಲಿಲ್ಲ. ನನಗೆ ಅಳು ಬಂತು.

"ಫೋನಲ್ಲಿ ಬೇಡ. ಹೋಗಿ ಕೂತು ಹೇಳಿ ಬಾ" ಎಂದರು. "ಹೊಡೆಯೋದು ನಿಲ್ಲಿಸಬೇಕು, ಇಲ್ಲಿಗೆ ಬಂದು ರಕ್ತಪರೀಕ್ಷೆ ಮಾಡಿಸಬೇಕು. ಹೊಡೆದ ಬಟ್ಟೆಯಲ್ಲಿ ಯಾರನ್ನೂ ಮುಟ್ಟಬಾರದು, ಮಕ್ಕಳನ್ನಂತೂ ಸುತಾರಾಂ ಮುಟ್ಟಬಾರದು. ಬಟ್ಟೆಯಿಂದ ಚರ್ಮಕ್ಕೆ ಇಳಿಯುತ್ತೆ ಅದು."

ಸಾರಥಿಗೆ ಹೋದಾಗ ಸಂಜೆ. ಬಿಸಿಲು ಹಳದಿಯಾಗಿ ಗದ್ದೆಯ ಮೇಲೆ ಒರಗಿತ್ತು. ಮನೆಯಲ್ಲಿ ಎಲ್ಲರೂ ಇದ್ದರು. ಅವರು ಆಗಷ್ಟೇ ಕೆಲಸದಿಂದ ಬಂದು, ಕಟ್ಟೆಯ ಅಂಚಿನಲ್ಲಿ, ಮನೆಯವರಿಂದ ಒಂದಿಷ್ಟು ದೂರದಲ್ಲೇ ಕೂತಿದ್ದರು. ಸೊಸೆ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ನಾನು ಕೂಡಲಿಲ್ಲ. ನಿಂತೇ ಹೇಳಿದೆ. ತಪ್ಪು ನನ್ನದು, ನಾನು ಕೇಳಿದ ಎಣ್ಣೆ ಬೇರೆ, ಇವರು ಹೇಳಿದ ಎಣ್ಣೆ ಬೇರೆ, ಇವರು ಕುಡಿಯುವವರಲ್ಲ.

ಯಜಮಾನರ ಹೆಂಡತಿ ನನ್ನನ್ನು ತರಾಟೆಗೆ ತೆಗೆದುಕೊಂಡರು.

"ಏನ್ ಓದೀರಿ ತಾಯಿ ನೀವು? ಎಣ್ಣೆ ಅಂದ್ರೆ ಏನಂತ ತಿಳೀದೇನೇ ಊರೂರು ತಿರುಗ್ತೀರಲ್ಲ! ಈ ಮನುಷ್ಯ ಚಾ ಕುಡಿಯಾಕೂ ನನ್ನ ಕೇಳ್ತೈತೆ! ಎಷ್ಟು ದಿನ ಆತು ನಾನು ಇವರ ಮಕ ನೋಡಿ ಮಾತಾಡಿ!" ಬೈಯುತ್ತ ಬೈಯುತ್ತ ಅವರ ಕಣ್ಣಲ್ಲಿ ನೀರು ಬಂತು, ಆ ನೀರಿನ ನಡುವೆಯೇ ನಗೆ ಬಂತು. ಯಜಮಾನರು ಮಾತ್ರ "ಹೋಗ್ಲಿ ಬಿಡೇ, ಪಾಪ, ಪ್ಯಾಟಿಯೋರಿಗೆ ಹೆಂಗೆ ಗೊತ್ತಾಗ್ತೈತೆ" ಎಂದು ನನ್ನ ಪರವೇ ನಿಂತರು. ಅಷ್ಟು ಬೈಗುಳದಲ್ಲಿ ನನಗೆ ಚುಚ್ಚಿದ್ದು ಆ ಮಾತೊಂದೇ.

ಸೊಸೆ ತಲೆ ತಗ್ಗಿಸಿ ಬಂದು, ಕೂಸನ್ನು ಮಾವನ ತೊಡೆಯ ಮೇಲೆ ಕೂಡಿಸಿದಳು. ಕೂಸು ಇಷ್ಟು ದಿನದ ಬಾಕಿಯನ್ನೆಲ್ಲ ತೀರಿಸಿಕೊಳ್ಳುವಂತೆ ಅವರ ಎದೆಗೆ ಅಪ್ಪಿಕೊಂಡು, ಕೆನ್ನೆಯನ್ನು ಅಂಗಿಗೆ ಒತ್ತಿ, ಗುಂಡಿಯೊಂದನ್ನು ಬಾಯಿಗೆ ಹಾಕಿಕೊಂಡಿತು. ಅವರು ಕಣ್ಣು ಮುಚ್ಚಿಕೊಂಡರು.

ಆ ಅಂಗಿ ಎದೆಯಿಂದ ಬೆನ್ನಿನವರೆಗೆ ಒದ್ದೆಯಾಗಿತ್ತು. ಅದು ಬೆವರಲ್ಲ. ಅಲ್ಲಿ ನಿಂತ ಅಷ್ಟು ಜನರಲ್ಲಿ ಅದು ಏನು, ಎಷ್ಟಾದರೆ ಏನು ಮಾಡುತ್ತದೆ ಎಂದು ತಿಳಿದಿದ್ದವಳು ನಾನೊಬ್ಬಳೇ. ಎಲ್ಲರೂ ನಗುತ್ತಿದ್ದರು. ಸಂಜೆಯ ಬೆಳಕು ಅವರಿಬ್ಬರ ಮೇಲೆ ಬಿದ್ದಿತ್ತು. ಇದು ಹೀಗೇ ಇರಲಿ, ಇನ್ನೊಂದು ನಿಮಿಷ ಇರಲಿ ಎಂದು ಮನಸ್ಸು ಬೇಡಿತು. ಹಿಂದಿನ ಸಲ ಮರ್ಯಾದೆಗೆ ಸುಮ್ಮನಾಗಿದ್ದೆ. ಈ ಸಲ ಸುಮ್ಮನಿರುವ ಹಾಗಿರಲಿಲ್ಲ.

"ಯಜಮಾನ್ರೆ, ಮಗೂನ ಕೊಡ್ರಿ" ಎಂದು ಕೈ ಚಾಚಿದೆ. ಬಾಯಿಂದ ಗುಂಡಿ ಬಿಡಿಸಿ ಎತ್ತಿಕೊಂಡೆ. ಕೂಸಿನ ಬಾಯಿ, ಕೆನ್ನೆ, ಕೈ ಸೋಪು ಹಚ್ಚಿ ತೊಳೆಯಬೇಕು ಎಂದು ಸೊಸೆಯ ಕೈಗೆ ಕೊಟ್ಟು, ಉಳಿದದ್ದನ್ನು ಹೇಳಿದೆ. ನಡುಕ ಬಂದದ್ದು ಯಾವುದರಿಂದ, ಅಂಗಿಯಲ್ಲಿ ಏನಿದೆ, ಅದು ಹೇಗೆ ಚರ್ಮಕ್ಕೆ ಇಳಿಯುತ್ತದೆ, ಯಾಕೆ ಅದು ಕೂಸಿಗೆ ದೊಡ್ಡವರಿಗಿಂತ ಬೇಗ ತಾಗುತ್ತದೆ. ಸೊಸೆ ಕೂಸನ್ನು ಅಪ್ಪಿಕೊಂಡು ಎರಡು ಹೆಜ್ಜೆ ಹಿಂದೆ ಸರಿದಳು. ಅವಳಿಗೆ ಗೊತ್ತಿಲ್ಲದೆಯೇ ಸರಿದದ್ದು. ಅವರು ಅದನ್ನು ನೋಡಿದರು.

"ಸ್ನಾನ ಮಾಡಿದ್ರೆ ಎತ್ಕೋಬೋದೇನ್ರಿ?"

"ಹೌದ್ರಿ. ಸೋಪು ಹಚ್ಚಿ ಚೆನ್ನಾಗಿ ಸ್ನಾನ ಮಾಡಿ, ಬ್ಯಾರೆ ಬಟ್ಟೆ ಹಾಕ್ಕಂಡು ಎತ್ಕೋಬೋದು. ಹೊಡೆದ ಬಟ್ಟೆ ಬ್ಯಾರೆನೇ ಒಗಿಬೇಕು."

"ನಡುಗೋದು?"

"ಹೊಡಿಯೋದು ಬಿಡಬೇಕ್ರಿ."

ಅವರು ಎದ್ದು ನಿಂತರು. ಕೂಸಿನಿಂದ ಇನ್ನಷ್ಟು ದೂರ ಹೋಗಿ ಅಂಗಳದ ಅಂಚಿನಲ್ಲಿ ನಿಂತು, ಕೈಗಳನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು, ತಮ್ಮ ಅಂಗಿಯನ್ನೇ ನೋಡಿಕೊಂಡರು. ಆಮೇಲೆ ನನ್ನ ಕಡೆ ನೋಡಿ ನಕ್ಕರು.

"ಹಂಗಾದ್ರೆ ನಾನು ಕುಡುಕನೇ ಆಗಿದ್ರೆ ಚಲೋ ಇತ್ತಲ್ರಿ ಮೇಡಂ. ಅದಾದ್ರೆ ನನ್ನ ಹೊಟ್ಟ್ಯಾಗೇ ಇರ್ತಿತ್ತು."

ಕೂಸು ತಾಯಿಯ ಸೊಂಟದಿಂದ ಎರಡೂ ಕೈ ಚಾಚಿ ಅವರ ಕಡೆಗೇ ವಾಲುತ್ತಿತ್ತು.